ಎಫ್‌ಎಲ್‌ವಿ ಪರಿವರ್ತನೆ (ಕ್ಯಾಮ್‌ಕಾರ್ಡರ್ ವಿಡಿಯೊ)

ಕ್ಯಾಮ್‌ಕಾರ್ಡರಿನ ಎಂಟಿಎಸ್ ಕಡತವನ್ನು ಹಳೆಯ ಅಂತರಜಾಲ ಪ್ರಸಾರ ರೂಪವಾದ ಫ್ಲ್ಯಾಶ್ ವಿಡಿಯೊಗೆ (ಎಫ್‌ಎಲ್‌ವಿ) ಇಳಿಸುವ ಕ್ರಿಯೆ. ಎಂಟಿಎಸ್ ಎಂಬುದು ಸೋನಿ ಮತ್ತು ಪ್ಯಾನಸಾನಿಕ್ 2006ರಲ್ಲಿ ಪ್ರಕಟಿಸಿದ ಎವಿಸಿಎಚ್‌ಡಿ ಪದ್ಧತಿಯ ಕಡತ. 2005ರಲ್ಲಿ ಶುರುವಾದ ಯೂಟ್ಯೂಬ್ ಮೊದಲಿಗೆ ನೆಚ್ಚಿದ್ದು ಎಫ್‌ಎಲ್‌ವಿಯನ್ನು.

ಪರಿವರ್ತನೆಗೆ ಮುಖ್ಯ ಕಾರಣ ಗಾತ್ರ. ಗಾಣಗಾಪುರದ ದತ್ತ ಜಯಂತಿಯಿರಲಿ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸಿರಲಿ, ಜೇವರ್ಗಿಯ ಮದುವೆಯಿರಲಿ, ಸೆಕೆಂಡಿಗೆ 17 ಮೆಗಾಬಿಟ್ ದರದಲ್ಲಿ ತೆಗೆದ ಒಂದು ತಾಸಿನ ಚಿತ್ರ ಸುಮಾರು 7.6 ಜಿಬಿ ತೂಗುತ್ತದೆ. ಅದೇ 300 ಕಿಲೋಬಿಟ್ ದರದ ಎಫ್‌ಎಲ್‌ವಿ ಆದರೆ 135 ಎಂಬಿ. ನಿಧಾನಗತಿಯ ಸಂಪರ್ಕದಲ್ಲಿ ಪುಣೆ, ಮುಂಬೈಯ ಬಂಧುಗಳಿಗೆ ತೋರಿಸಬೇಕಾದವರಿಗೆ ಈ ಅಂತರ ಸಣ್ಣದಲ್ಲ.

ಕೆಲಸ ಎಫ್‌ಎಫ್‌ಎಂಪೆಗ್‌ನಂಥ ಉಚಿತ ತಂತ್ರಾಂಶದಿಂದ ಆಗುತ್ತದೆ. ಬೆಸ ಮತ್ತು ಸಮ ಗೆರೆಗಳು ಬೇರೆಬೇರೆಯಾಗಿ ದಾಖಲಾದ ಚಿತ್ರವನ್ನು ಮೊದಲು ಒಂದಾಗಿಸಬೇಕು. ಇಲ್ಲವಾದರೆ ತೇರು ಚಲಿಸುವಾಗ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಕಾಣುತ್ತವೆ. ಬಳಿಕ ಚಿತ್ರವನ್ನು ಕಿರಿದುಗೊಳಿಸುತ್ತಾರೆ. ಅನೇಕರು ಎಡವುತ್ತಿದ್ದುದು ಧ್ವನಿಯಲ್ಲಿ: ಕ್ಯಾಮರಾದ ಧ್ವನಿ 48,000 ಹರ್ಟ್ಸ್, ಎಫ್‌ಎಲ್‌ವಿಯ ಎಂಪಿ3ಗೆ 44,100 ಅಥವಾ 22,050ರಂಥ ದರ ಬೇಕು. ಈ ಸಂಖ್ಯೆ ಬದಲಿಸದಿದ್ದರೆ ಎಫ್‌ಎಫ್‌ಎಂಪೆಗ್‌ನ ಹಳೆಯ ಆವೃತ್ತಿಗಳಲ್ಲಿ ಪರಿವರ್ತನೆ ಅಲ್ಲಿಗೇ ನಿಲ್ಲುತ್ತಿತ್ತು.

ಜಾಲತಾಣಗಳಲ್ಲಿ ಎಫ್‌ಎಲ್‌ವಿ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರಿಗೆ ಅಡೋಬಿ ಸಂಸ್ಥೆ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ಕೊನೆಗೊಳಿಸಿತು. ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ಹಳೆಯ ಎಫ್‌ಎಲ್‌ವಿಗಳು ಈಗಲೂ ಓಡುತ್ತವೆ, ಆದರೆ ಹೊಸದಾಗಿ ಮಾಡುವುದು ವ್ಯರ್ಥ, ಎಂಪಿ4 ಸಾಕು. ಯಾವ ರೂಪಕ್ಕೆ ಇಳಿಸಿದರೂ ಮೂಲ ಎಂಟಿಎಸ್ ಕಡತವನ್ನು ಅಳಿಸಬಾರದು, ಕಳೆದುಹೋದ ಸ್ಪಷ್ಟತೆ ಎಫ್‌ಎಲ್‌ವಿಯಿಂದ ಮರಳಿ ಬಾರದು.