‘ಮೇಟ್’ ಎಂಬ ಸಲಿಗೆಯ ಚರಿತ್ರೆ
ಜೊತೆಗಾರನನ್ನು ಕರೆಯಲು ‘ಫ್ರೆಂಡ್’ ಎಲ್ಲೆಡೆ ಸಲ್ಲುವ ಪದ, ‘ಮೇಟ್’ ಬರೀ ಸಲಿಗೆಯ ಪದ ಎಂದು ಇಂಗ್ಲಿಷ್ ಕಲಿಸುವವರು ವಿಂಗಡಿಸುತ್ತಾರೆ. ಆಸ್ಟ್ರೇಲಿಯಾದ ಚರಿತ್ರೆಯ ಮುಂದೆ ಈ ವಿಂಗಡಣೆ ನಿಲ್ಲುವುದಿಲ್ಲ. ಅಲ್ಲಿ ಸಲಿಗೆಯೇ ಗೌರವದ ಒಂದು ಬಗೆಯಾಗಿ ಬೆಳೆದಿದೆ. ‘ಮೇಟ್’ ಹುಟ್ಟಿನಿಂದ ಹಗುರವಾದ ಪದವಲ್ಲ. ಹಡಗಿನಲ್ಲಿ ಕ್ಯಾಪ್ಟನ್ ಕೆಳಗಿನ ಅಧಿಕಾರಿಯ ಹುದ್ದೆಗೆ ಇಂದಿಗೂ ಅದೇ ಹೆಸರು. 1850ರ ದಶಕದಲ್ಲಿ ವಿಕ್ಟೋರಿಯಾದ ಚಿನ್ನದ ಗಣಿಗಳಲ್ಲಿ ಒಬ್ಬ ಗುಂಡಿ ತೋಡಿದರೆ ಇನ್ನೊಬ್ಬ ಮಣ್ಣು ಮೇಲೆತ್ತಬೇಕು, ಮತ್ತೊಬ್ಬ ಅದನ್ನು ನೀರಿನಲ್ಲಿ ತೊಳೆದು ಸೋಸಬೇಕು. ಜೀವವೂ ಗಳಿಕೆಯೂ ಹೀಗೆ ‘ಮೇಟ್’ ಆದ ಜೊತೆಗಾರನ ಕೈಯಲ್ಲಿರುವಾಗ ಮೇಲುಕೀಳಿನ ಸಂಬೋಧನೆಗೆ ಜಾಗವೆಲ್ಲಿ?

ಈ ಬಾಂಧವ್ಯದ ವರ್ತುಲ ಕಿರಿದಾಗಿತ್ತು ಎಂಬ ಆಕ್ಷೇಪ ನ್ಯಾಯವಾದದ್ದೇ. ಹೆಂಗಸರು, ಮೂಲನಿವಾಸಿಗಳು, ಅದೇ ಗಣಿಗಳಲ್ಲಿ ದುಡಿದ ಚೀನೀಯರು ಹೊರಗೇ ಉಳಿದರು. 1999ರಲ್ಲಿ ಸಂವಿಧಾನದ ಪೀಠಿಕೆಯ ಕರಡಿಗೆ ‘ಮೇಟ್‌ಶಿಪ್’ ಎಂಬ ಈ ಬಾಂಧವ್ಯದ ಹೆಸರನ್ನು ಸೇರಿಸಲು ಪ್ರಧಾನಿ ಜಾನ್ ಹೋವರ್ಡ್ ಬಯಸಿದಾಗ, ಅದು ಗಂಡಸರ ಪದ ಎಂಬ ವಿರೋಧ ಎದ್ದು, ಕೊನೆಗೆ ಕೈಬಿಡಬೇಕಾಯಿತು. ಆದರೆ ವರ್ತುಲ ಕಿರಿದಾಗಿತ್ತೆಂಬುದು ಪದವನ್ನೇ ತೊರೆಯಲು ಕಾರಣವಾಗದು. 2005ರ ಆಗಸ್ಟ್‌ನಲ್ಲಿ ಕ್ಯಾನ್‌ಬೆರಾದ ಸಂಸತ್ ಭವನದ ಕಾವಲು ಸಿಬ್ಬಂದಿ ಯಾರನ್ನೂ ‘ಮೇಟ್’ ಎನ್ನಕೂಡದೆಂದು ಆದೇಶ ಹೊರಟಿತು. ಪಕ್ಷಭೇದವಿಲ್ಲದೆ ಟೀಕೆ ಬಂದು, ಬೇಗನೆ ಅದನ್ನು ಸಡಿಲಿಸಬೇಕಾಯಿತು. ಕಾವಲುಗಾರನೂ ಸಂಸದನೂ ಒಬ್ಬರನ್ನೊಬ್ಬರು ಒಂದೇ ಪದದಿಂದ ಕರೆಯಬಲ್ಲರೆಂಬ ಹಕ್ಕನ್ನು ಜನ ಬಿಡಲೊಪ್ಪಲಿಲ್ಲ. ಆದ್ದರಿಂದ ಆಯ್ಕೆಯ ಅಳತೆಗೋಲು ಸಲಿಗೆಯ ಪ್ರಮಾಣವಲ್ಲ. ಕರೆಸಿಕೊಂಡವರು ಅದೇ ಪದವನ್ನು ಅಳುಕಿಲ್ಲದೆ ತಿರುಗಿ ಹೇಳಬಹುದೇ ಎಂಬುದು.