ನಾಲಿಗೆಯ ರುಚಿಯಿಂದ ತಲೆಯ ಹುಚ್ಚಿಗೆ: ಇಂಗ್ಲಿಷಿನ ‘ನಟ್ಸ್’ ಪದದ ಅರ್ಥಚರಿತ್ರೆ

ಇಂಗ್ಲಿಷಿನಲ್ಲಿ ಒಬ್ಬನನ್ನು ‘ನಟ್ಸ್’ ಎಂದರೆ ಅವನಿಗೆ ತಲೆ ಕೆಟ್ಟಿದೆ ಎಂದರ್ಥ. ಬಾದಾಮಿ, ಗೋಡಂಬಿಗಳಿಗೆ ಹೇಳುವ ಪದ ಹುಚ್ಚಿಗೆ ಹೇಗೆ ಅಂಟಿಕೊಂಡಿತು? ಕಾಯಿ ದುಂಡಗಿದೆ, ಚಿಪ್ಪು ಗಟ್ಟಿ, ಒಳಗೆ ತಿರುಳಿದೆ. ಆದ್ದರಿಂದ ಅದು ತಲೆ, ತಲೆ ತಪ್ಪಿದವನು ಹುಚ್ಚ ಎನ್ನುವುದು ವಾಡಿಕೆಯ ಉತ್ತರ. ಒಣಗಿದ ಸೋರೆಯ ಬುರುಡೆಯನ್ನೂ ತಲೆಬುರುಡೆಯನ್ನೂ ಒಂದೇ ಪದದಿಂದ ಕರೆಯುವ ಕನ್ನಡಿಗರಿಗೆ ಇದು ಥಟ್ಟನೆ ಒಪ್ಪಿಗೆಯಾಗುತ್ತದೆ. ಆದರೆ ದಾಖಲೆಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದರೆ, ಹುಚ್ಚಿನ ಅರ್ಥಕ್ಕೆ ದಾರಿ ತೆರೆದದ್ದು ಮೊದಲಿಗೆ ತಿನಿಸಿನ ಸುಖ; ತಲೆಯ ಹೋಲಿಕೆ ಆಮೇಲೆ ಬಂದು ಸೇರಿಕೊಂಡಿತು.

ಹಳೆಯ ಇಂಗ್ಲಿಷಿನ ‘ಹ್ನುಟು’ ಮುಖ್ಯವಾಗಿ ಸೂಚಿಸುತ್ತಿದ್ದುದು ಇಂಗ್ಲೆಂಡಿನ ಬೇಲಿಸಾಲುಗಳಲ್ಲಿ ಬೆಳೆಯುತ್ತಿದ್ದ ಹೇಜಲ್ ಕಾಯಿಯನ್ನು. ಸೆಪ್ಟೆಂಬರ್ 14ರಂದು ಕ್ರೈಸ್ತರ ಹೋಲಿ ರೂಡ್ ಹಬ್ಬದ ದಿನ ಹುಡುಗರು ಗುಂಪುಗೂಡಿ ಕಾಯಿ ಕೀಳಲು ಕಾಡಿಗೆ ಹೋಗುವುದು ಅಲ್ಲಿ ಹಿಂದೆ ರೂಢಿಯಾಗಿತ್ತು. ಕಾಯಿ ತಿನ್ನುವ ಈ ಸುಖವೇ ಹಿಗ್ಗಿ, 17ನೇ ಶತಮಾನದ ಹೊತ್ತಿಗೆ ಯಾವುದಾದರೂ ಸಂಗತಿ ಒಬ್ಬನಿಗೆ ‘ನಟ್ಸ್’ ಎಂದರೆ ಅದು ಅವನಿಗೆ ಬಲು ಖುಷಿಯದು ಎಂದಾಗಿತ್ತು. ಬೀದಿಮಾತುಗಳನ್ನು ಕಲೆಹಾಕಿದ ಫ್ರಾನ್ಸಿಸ್ ಗ್ರೋಸ್ 1785ರ ತನ್ನ ನಿಘಂಟಿನಲ್ಲಿ, ಒಬ್ಬರ ಮೇಲೆ ‘ನಟ್ಸ್’ ಆಗುವುದೆಂದರೆ ಅವರನ್ನು ಮೆಚ್ಚಿಕೊಳ್ಳುವುದು ಎಂಬ ಅರ್ಥವನ್ನು ದಾಖಲಿಸಿದ್ದಾನೆ. ಮೆಚ್ಚುಗೆಯಿಂದ ಹುಚ್ಚಿಗೆ ಒಂದೇ ಹೆಜ್ಜೆ: ‘ಸಿನಿಮಾ ಹುಚ್ಚು’, ‘ನಾಟಕದ ಹುಚ್ಚು’ ಎನ್ನುವಾಗ ನಾವೂ ಯಾರನ್ನೂ ಆಸ್ಪತ್ರೆಗೆ ಕಳಿಸುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೂ ಗ್ರೋಸ್‌ನ ನಿಘಂಟಿನಲ್ಲೇ ಇದೆ. ಅಪರಾಧಿಯ ಕುತ್ತಿಗೆಯನ್ನು ಹಲಗೆಗಳ ನಡುವೆ ಸಿಕ್ಕಿಸಿ ನಿಲ್ಲಿಸುವ ಪಿಲರಿಗೆ ಅವನು ಕೊಡುವ ಬೀದಿ ಹೆಸರು ‘ನಟ್‌ಕ್ರ್ಯಾಕರ್ಸ್’, ಅಂದರೆ ಕಾಯಿ ಒಡೆಯುವ ಇಕ್ಕಳ. ತಲೆಯನ್ನು ಕಾಯಿಯಾಗಿ ಕಾಣುವ ಕಣ್ಣು ಆಗಲೇ ಇತ್ತೆಂದು ಇದರಿಂದ ವಾದಿಸಬಹುದು, ಒಪ್ಪೋಣ. ಆದರೂ ಆ ಹೆಸರಿನಲ್ಲಿ ಹುಚ್ಚಿನ ಸುಳಿವಿಲ್ಲ. ‘ನಟ್’ ಎಂದರೆ ನೇರವಾಗಿ ತಲೆ ಎಂಬ ಬಳಕೆ ಬರಹದಲ್ಲಿ ಸಿಗುವುದು 1840ರ ದಶಕದಲ್ಲಿ, ‘ನಟ್’ ತಪ್ಪಿದವನು ಹುಚ್ಚ ಎಂಬ ನುಡಿಗಟ್ಟು 1860ರ ಸುಮಾರಿಗೆ. ಹುಚ್ಚಿನ ಅರ್ಥ ನಿಚ್ಚಳವಾದದ್ದು ಇದಾದ ಮೇಲೆಯೇ ತಾನೆ ಎಂದು ಕೇಳಬಹುದು. ಹೌದು, ಆದರೆ ತಲೆಯ ವಾದ ಪದದ ಬಹುವಚನವನ್ನು ವಿವರಿಸಲಾರದು. ಒಬ್ಬನಿಗೆ ಇರುವುದು ಒಂದೇ ತಲೆ; ಹುಚ್ಚನನ್ನು ಬಣ್ಣಿಸುವ ಪದವೋ ‘ನಟ್ಸ್’. ಈ ಬಹುವಚನ ಹಳೆಯ ತಿನಿಸಿನ ಅರ್ಥದಿಂದ ಬಂದ ಬಳುವಳಿ. ಮುಂದೆ ಅಮೆರಿಕದಲ್ಲಿ ‘ಬನಾನಾಸ್’ ಕೂಡ ಹುಚ್ಚಿನ ಹೆಸರಾಯಿತು; ಬಾಳೆಹಣ್ಣಿಗೂ ತಲೆಗೂ ಎಂಥ ಹೋಲಿಕೆ? ನಮ್ಮ ‘ನಟ್ಟು ಲೂಸು’ ಮಾತ್ರ ಈ ಚರ್ಚೆಗೆ ಹೊರಗಿನದು, ಅದು ಬೋಲ್ಟಿನ ಜೋಡಿ.

20ನೇ ಶತಮಾನದ ಅಮೆರಿಕದಲ್ಲಿ ಪದ ಇನ್ನೊಂದು ಮಗ್ಗುಲಿಗೆ ಹೊರಳಿತು. ವೃಷಣ ಎಂಬ ಒರಟು ಅರ್ಥ ಸೇರಿಕೊಂಡು, ‘ನಟ್ಸ್’ ಎನ್ನುವುದು ತಿರಸ್ಕಾರದ ಉದ್ಗಾರವಾಯಿತು. ಹಾಲಿವುಡ್ಡಿನ ಸೆನ್ಸಾರ್ ಸಂಹಿತೆಯ ನಿಷಿದ್ಧ ಪದಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಹುಚ್ಚು ಎಂಬ ಅರ್ಥಕ್ಕೆ ಮಾತ್ರ ವಿನಾಯಿತಿ. ಎರಡು ಅರ್ಥಗಳೂ ಬೇರೆಬೇರೆ ಎಂದು ಆಡುವವರಿಗೆ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 1944ರ ಡಿಸೆಂಬರ್ 22ರಂದು ಬೆಲ್ಜಿಯಮ್ಮಿನ ಬಾಸ್ಟೋನ್‌ನಲ್ಲಿ ಸುತ್ತುವರಿದ ಜರ್ಮನ್ ಸೇನೆ ಶರಣಾಗತಿ ಕೇಳಿದಾಗ, ಅಮೆರಿಕದ ಜನರಲ್ ಆಂಟನಿ ಮೆಕಾಲಿಫ್ ಕೊಟ್ಟ ಲಿಖಿತ ಉತ್ತರ ಈ ಒಂದೇ ಪದ. ಅದು ಒಪ್ಪಿಗೆಯೋ ನಿರಾಕರಣೆಯೋ ಎಂದು ಜರ್ಮನ್ ದೂತರಿಗೆ ತಿಳಿಯಲಿಲ್ಲ. ‘ನರಕಕ್ಕೆ ಹೋಗಿ’ ಎಂದರ್ಥವೆಂದು ಅಮೆರಿಕದ ಕರ್ನಲ್ ಜೋಸೆಫ್ ಹಾರ್ಪರ್ ಬಿಡಿಸಿ ಹೇಳಬೇಕಾಯಿತು.