ಮುದನೂರಿನ ತವನಿಧಿ

ಸುರಪುರ ಅಂದ ಕೂಡಲೇ 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ರಾಜಾ ವೆಂಕಟಪ್ಪ ನಾಯಕ ನೆನಪಾಗ್ತಾನೆ. ಕತ್ತಿಯ ಚರಿತ್ರೆ ನಮಗೆ ಬಾಯಿಪಾಠ. ಅನ್ನದ ಚರಿತ್ರೆ?

ಅದೇ ಸುರಪುರ ಸೀಮೆಯ ಮುದನೂರಿನವನು ನೇಕಾರ ಜೇಡರ ದಾಸಿಮಯ್ಯ. ಬಸವಣ್ಣನಿಗಿಂತ ಹಿರಿಯ. ಬಟ್ಟೆ ನೇಯ್ದು, ಹೆಂಡತಿ ದುಗ್ಗಳೆಯ ಜೊತೆ ದಾಸೋಹ ನಡೆಸ್ತಿದ್ದ. ಮೆಚ್ಚಿದ ಶಿವ, ಎಷ್ಟು ತೆಗೆದರೂ ಮುಗಿಯದ ಕಾಳಿನ ತವನಿಧಿ ಕೊಟ್ಟ ಅನ್ನೋದು ಕಥೆ. ಇಂಜಿನಿಯರಿಂಗ್ ಓದಿದ ನನಗೆ ಮುಗಿಯದ ಕಣಜವನ್ನ ನಂಬೋದು ಕಷ್ಟ. ಮಗ್ಗದ ದುಡಿಮೆ ಹಸಿದವರ ಅನ್ನವಾಯ್ತು ಅನ್ನೋದನ್ನ ಮಾತ್ರ ನಂಬ್ತೀನಿ. ಪಕ್ಕದ ರಾಯಚೂರು ಸೀಮೆಯ ಆಯ್ದಕ್ಕಿ ಲಕ್ಕಮ್ಮನಂತೂ, ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನ ತಂದಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಇಂಥ ಆಡಿಟ್ ಇವತ್ತು ಯಾವ ಇಲಾಖೆಯಲ್ಲಿದೆ ಹೇಳಿ!

2002ರಲ್ಲಿ ಸರ್ಕಾರ ಶಾಲೆಯ ಬಿಸಿಯೂಟಕ್ಕೆ ಇದೇ ಹೆಸರು ಹಿಡಿಯಿತು: ಅಕ್ಷರ ದಾಸೋಹ. ಶುರುವಾಗಿದ್ದು ಈ ಭಾಗದಿಂದಲೇ. ಯಾದಗಿರಿ ಆಗಿನ್ನೂ ಗುಲಬರ್ಗಾ ಜಿಲ್ಲೆಯಲ್ಲಿತ್ತು. 2021ರ ಡಿಸೆಂಬರಿನಲ್ಲಿ ತಟ್ಟೆಗೆ ಮೊಟ್ಟೆಯೂ ಬಂತು. ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳಲ್ಲಿ ಬೇಯಿಸಿ ಬಡಿಸೋರು ಬಹುತೇಕ ಹೆಣ್ಣುಮಕ್ಕಳು. ಅವರಿಗೆ ಕೊಡೋದನ್ನ ಸರ್ಕಾರ ಸಂಬಳ ಅನ್ನಲ್ಲ, ಗೌರವಧನ ಅನ್ನುತ್ತೆ. ಅದನ್ನ ಹೆಚ್ಚಿಸಿ ಅಂತ ಅವರು ಬೆಂಗಳೂರಿಗೆ ಬಂದು ಕೂತಾಗ, ಟಿವಿಯಲ್ಲಿ ಮೊದಲು ಬರೋ ಸುದ್ದಿ ಟ್ರಾಫಿಕ್ ಜಾಮ್‌ದು.